ಐವತ್ತು, ನಲವತ್ತೆಂಟಲ್ಲ

ಮುಹರ್ರಕ್‌ನ ಬೇಕರಿಯ ಮೇಲಿನ ಕೋಣೆ ನಮ್ಮ ಸ್ಟುಡಿಯೊ.
ಕೆಳಗೆ ತಂದೂರಿಗೆ ರೊಟ್ಟಿ ಬಡಿಯುವ ಸದ್ದು,
ಮೇಲೆ ಎರಡು ಏಸಿ, ಒಂದು ಸದಾ ಸೋರುತ್ತದೆ.
ಚಾನೆಲ್ಲಿನ ಪತ್ರ ಗೋಡೆಗೆ ಅಂಟಿಸಿದೆ:
ಸೆಕೆಂಡಿಗೆ ಇಪ್ಪತ್ತೈದು ಚಿತ್ರ.
ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.
ಭಾನುವಾರ ನಡುರಾತ್ರಿಯೊಳಗೆ.

ಬಂದದ್ದು ಇಪ್ಪತ್ತನಾಲ್ಕು.
ಶೂಟ್ ಮಾಡಿದ ಹುಡುಗನಿಗೆ ಸಿನಿಮಾದ ಹುಚ್ಚು.
ಕನಸು ಇಪ್ಪತ್ತನಾಲ್ಕರಲ್ಲೇ ಬೀಳುವುದು ಎಂದು ಹೇಳಿ
ದೋಹಾಕ್ಕೆ ಹೊರಟುಹೋದ.
ಕನಸನ್ನು ಅಳೆದು ಕೊಡುವ ಕೆಲಸ ನನಗೆ ಬಿತ್ತು.

ಸುಲಭದ ದಾರಿ ಎಲ್ಲರಿಗೂ ಗೊತ್ತು:
ಇದ್ದ ಚಿತ್ರಗಳನ್ನೇ ಕೊಂಚ ಬೇಗ ಓಡಿಸು.
ಒಂದೂ ಕಳೆಯದು. ದನಿ ಮಾತ್ರ ಕೂದಲೆಳೆಯಷ್ಟು ಏರುತ್ತದೆ,
ಅದನ್ನು ಇಳಿಸಲೂ ಒಂದು ಗುಂಡಿ ಇದೆ.
ನೂರಕ್ಕೆ ನಾಲ್ಕು. ಯಾರಿಗೆ ತಿಳಿಯುತ್ತೆ?
ನೋಡುವವರು ಚಹಾ ಕುಡಿಯುತ್ತ ನೋಡುತ್ತಾರೆ.

ಚಿತ್ರದಲ್ಲಿ ಗಾನಿಮ್ ಅಜ್ಜ ಇದ್ದಾನೆ. ಎಂಬತ್ತೊಂಬತ್ತು.
ಮುತ್ತಿಗೆ ಹೊರಟ ಕೊನೆಯ ಹಡಗುಗಳಲ್ಲಿ
ಮೀಸೆ ಮೂಡುವ ಮೊದಲೇ ಮುಳುಗಿದವನು.
ಈಗ ಮೊಣಕಾಲು ಮಡಚುವುದಿಲ್ಲ, ಸಮುದ್ರವೂ ಹತ್ತಿರವಿಲ್ಲ,
ಮಣ್ಣು ತುಂಬಿ ಅದನ್ನು ಆಚೆ ತಳ್ಳಿದ್ದಾರೆ.
ಆದರೂ ಕ್ಯಾಮೆರಾ ಎದುರು ಬೆಂಚಿನ ಮೇಲೆ ಕೂತು
ಫಿತಾಮ್, ಆ ಆಮೆಚಿಪ್ಪಿನ ಚಿಮಟ, ಮೂಗಿಗೆ ಸಿಕ್ಕಿಸಿ
ಉಸಿರು ಕಟ್ಟಿದ.
ಕಣ್ಣು ತೆರೆದೇ ಇತ್ತು. ನೀರೊಳಗೂ ಹಾಗೇ ಅಂತೆ.
ಗೋಡೆ, ಬೆಂಚು, ಮುದುಕ. ಬೇರೇನೂ ನಡೆಯದ ಶಾಟು.
ಐವತ್ತು ಸೆಕೆಂಡು.

ಶುಕ್ರವಾರ ಮೊಮ್ಮಗಳು ಶೈಮಾ ಅವನನ್ನು ಕರೆತಂದಳು.
ನಾನು ಬೇಗ ಓಡುವುದನ್ನೇ ಹಾಕಿದೆ.
ಅವನು ಪರದೆ ನೋಡಲಿಲ್ಲ. ಕಣ್ಣು ಮುಚ್ಚಿ
ಹೆಬ್ಬೆರಳಿಂದ ಬೆರಳ ಗೆಣ್ಣುಗಳನ್ನು ಒತ್ತುತ್ತ ಹೋದ,
ಮೇಲೆ ಹಗ್ಗ ಹಿಡಿದು ನಿಂತವನು ಎಣಿಸುತ್ತಿದ್ದ ಹಾಗೆ.
ಶಾಟು ಮುಗಿಯಿತು. ಏನೋ ಅಂದ.
ಶೈಮಾ ನಕ್ಕಳು, ಆಮೇಲೆ ನಗಲಿಲ್ಲ.
"ಎರಡು ಕಡಿಮೆ ಅಂತಾರೆ.
ಯಾರು ತಗೊಂಡಿರಿ ಅಂತ ಕೇಳ್ತಿದ್ದಾರೆ."

ಸಾವಿರದ ಇನ್ನೂರು ಚಿತ್ರ, ಇಪ್ಪತ್ತೈದರಿಂದ ಭಾಗಿಸಿದರೆ
ನಲವತ್ತೆಂಟು.
ಮುದುಕನ ಗೆಣ್ಣು ಸರಿ, ನನ್ನ ಪೆಟ್ಟಿಗೆಯೂ ಸರಿ.

ಎರಡು ಸೆಕೆಂಡಲ್ಲಿ ಏನಿದೆ ಅಜ್ಜಾ, ಎನ್ನಬಹುದಿತ್ತು.
ಎನ್ನಲಾಗಲಿಲ್ಲ. ಮುಂಡರಗಿಯ ಹೈಸ್ಕೂಲು ಅಂಗಳದಲ್ಲಿ
ಗೆರೆ ಇನ್ನೊಂದು ಗೇಣು ಇರುವಾಗ
ದಮ್ಮು ಮುರಿದು ಔಟಾದವನು ನಾನು.
ಆ ಗೇಣು ಎಷ್ಟುದ್ದವೆಂದು ನನ್ನನ್ನು ಕೇಳಿ.

ರಾತ್ರಿ ಉಳಿದ ದಾರಿ ಹಿಡಿದೆ.
ನಡುವಿನ ಚಿತ್ರಗಳನ್ನು ಯಂತ್ರವೇ ಊಹಿಸಿ ಬರೆಯಲಿ ಎಂದೆ.
ಬರೆಯಿತು. ಚಿಮಟ ಕೆನ್ನೆಗೆ ಕರಗಿ
ಎಲ್ಲೂ ಇಲ್ಲದ ಒಬ್ಬ ಗಾನಿಮ್ ಆಗಾಗ ಬಂದು ಹೋಗುತ್ತಿದ್ದ.
ಅವನು ಎಂದೂ ಮುಳುಗಿದವನಲ್ಲ. ಅಳಿಸಿದೆ.

ಇನ್ನುಳಿದದ್ದು ಪೆದ್ದ ಉಪಾಯ:
ಸೆಕೆಂಡಿಗೊಂದು ಚಿತ್ರವನ್ನು ಎರಡು ಸಲ ತೋರಿಸುವುದು.
ನಡೆಯುವವರು ಮುಗ್ಗರಿಸುತ್ತಾರೆ, ಹಕ್ಕಿ ಗಾಳಿಯಲ್ಲಿ ಎಡವುತ್ತದೆ,
ಚಾನೆಲ್ಲಿನವರು ಕೆಂಪು ಗುರುತು ಹಾಕಿ ವಾಪಸ್ಸು ಕಳಿಸುತ್ತಾರೆ.
ಆದರೆ ಉಸಿರು ಕಟ್ಟಿದವನು ಅಲ್ಲಾಡುವುದಿಲ್ಲ.
ಐವತ್ತು ಚಿತ್ರ ಒಂದೊಂದಾಗಿ ಅವನ ಮೇಲಿಟ್ಟೆ,
ಮಲಗಿದ ಮಗುವಿಗೆ ಹೊದಿಸಿದ ಹಾಗೆ.
ಏಳಲಿಲ್ಲ.
ಉಳಿದ ಸಿನಿಮಾವೆಲ್ಲ ಬೇಗ ಓಡಲಿ, ಅದರ ಪಾಡು ಅದಕ್ಕೆ.

ಸೋಮವಾರ ವರದಿ ಬಂತು. ಒಂದೇ ಸಾಲು:
ಈ ಶಾಟಿನ ನಲವತ್ತೊಂದನೇ ಸೆಕೆಂಡು,
ಚಿತ್ರ ಮರುಕಳಿಸಿದೆ. ಬೇಕೆಂದೇ ಮಾಡಿದ್ದೇ?

ತೆರೆದು ನೋಡಿದೆ.
ಅಲ್ಲಿ ಅವನ ಎಡಗಣ್ಣಿನ ರೆಪ್ಪೆ ಇಳಿಯಹೊರಟು
ಅರ್ಧದಲ್ಲಿ ನಿಂತು, ಮತ್ತೆ ಇಳಿಯುತ್ತದೆ.
ನಿಮಿಷವೆಂದರೆ ಮೊದಲು ಅಷ್ಟೇ ಇತ್ತು, ಎವೆ ಬಡಿಯುವಷ್ಟು;
ಅರವತ್ತು ಸೆಕೆಂಡು ಆಮೇಲೆ ತುಂಬಿದ್ದು.

ಕೆಳಗಿಂದ ತಂದ ರೊಟ್ಟಿ ಆರುವ ಮುಂಚೆ ಉತ್ತರ ಬರೆದೆ:
ಹೌದು.